ಅವ್ವ ಹಾಕಿದ ಒಂದೇ ಓಟು

ಆಗೆಲ್ಲ ಓಟು ಎಲ್ಲರಿಗೂ ಇರಲಿಲ್ಲ. ಹೊಲ ಇದ್ದವರಿಗೆ, ಕಂದಾಯ ಕಟ್ಟುವವರಿಗೆ, ಓದು ಬರಹ ಬಲ್ಲವರಿಗೆ ಇತ್ತು. ನಮ್ಮಂಥವರಿಗೆ ಇರಲಿಲ್ಲ. ಬೇಕು ಅಂತ ನಮಗೂ ಅನಿಸಿರಲಿಲ್ಲ. ಈಗ ಮಗಳ ಜೊತೆ ನಾನಿರುವ ಈ ಪರದೇಶದ ಸೊಲ್ಲೆಂಟುನಾದಲ್ಲಿ ನೋಡಿದರೆ, ಈ ದೇಶದವಳೇ ಅಲ್ಲದ ನನಗೂ ಕೊಮ್ಯೂನಿನ, ಅಂದರೆ ಇಲ್ಲಿನ ಊರಾಡಳಿತದ, ಚುನಾವಣೆಗೆ ಅಂತ ಕಾರ್ಡು ಮನೆ ಬಾಗಿಲಿಗೇ ಬಂತು. ಮೂರು ವರ್ಷ ಇಲ್ಲಿ ಇದ್ದರೆ ಸಾಕಂತೆ. ಮಗಳು ಕಿಸ್ಟಾದ ಆಫೀಸಿನಿಂದ ಬಂದವಳು ಅದನ್ನು ಮೇಜಿನ ಮೇಲಿಟ್ಟು, "ಅಮ್ಮಾ, ಭಾನುವಾರ ನೀನೂ ಬಾ, ಹತ್ತು ನಿಮಿಷದ ಕೆಲಸ. ಆಮೇಲೆ ಅಲ್ಲೇ ಕಾಫಿ, ಬನ್ನು ಅಂತ ಫೀಕಾ ಮಾಡ್ಕೊಂಡು ಬರೋಣ" ಅಂದಳು.

"ನಾ ಬರಲ್ಲ."

"ಯಾಕಮ್ಮಾ? ನಿಂಗೆ ರೈಟ್ಸ್ ಇದೆ."

"ಇರಲಿ. ಕಾಲುನೋವೂ ಇದೆ."

ಕಾಲುನೋವು ಸುಳ್ಳು. ಕಾರಣ ಮಗಳಿಗೆ ಹೇಳಿಲ್ಲ. ಅವಳು ಕೇಳಿದರೆ ಪಾಪ ಅನ್ನುತ್ತಾಳೆ, ನನಗೆ ಪಾಪ ಅನ್ನಿಸಿಕೊಳ್ಳುವುದು ಆಗಿಬರುವುದಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಬಳ್ಳಾರಿ ಸೀಮೆ ಆಗ ಮದ್ರಾಸಿಗೆ ಸೇರಿತ್ತು. ಬಿಳಿಯರ ಕಾಲದ ಕೊನೆಯ ಚುನಾವಣೆ, ಲಡಾಯಿ ಮುಗಿದ ಮರುವರ್ಷ. ನನಗೆ ಎಂಟೋ ಒಂಬತ್ತೋ. ಮನೆಯಲ್ಲಿ ಮೂರೇ ಜನ. ನಾನು, ನಮ್ಮವ್ವ ಹೊನ್ನವ್ವ, ಅಪ್ಪನ ಅಪ್ಪ ತಾತ. ಅಪ್ಪ ಪಲ್ಟನ್ನಿನಲ್ಲಿ ಲಾರಿ ಓಡಿಸಲು ಸೇರಿ ಬರ್ಮಾದ ಕಡೆ ಹೋಗಿದ್ದ. ಅವನ ಬೀಡಿಯ ವಾಸನೆ ನೆನಪಿದೆ, ಖಾಕಿ ಬಟ್ಟೆ ಕೆನ್ನೆಗೆ ಒರಟಾಗಿ ತಾಗುತ್ತಿದ್ದುದು ನೆನಪಿದೆ. ಮುಖ ನೆನಪಿಲ್ಲ.

ಅದು ಹುಣಸೆ ಬಡಿಯುವ ಕಾಲ. ಅವ್ವ ಕೂಲಿಗೆ ಹುಣಸೆ ಬಿಡಿಸುತ್ತಿದ್ದಳು. ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಓಡು ಒಡೆಯುವುದು, ನಾರು ಎಳೆಯುವುದು, ಬೀಜ ಬೇರೆ ಮಾಡುವುದು. ಮನೆ ತುಂಬ ಹುಳಿ ಘಾಟು, ಉಟ್ಟ ಬಟ್ಟೆಗೂ ಅದೇ, ಉಣ್ಣುವ ರೊಟ್ಟಿಗೂ ಅದೇ. ನಾವು ಹುಡುಗಿಯರು ಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ ಚೌಕಾಬಾರ ಆಡುತ್ತಿದ್ದೆವು. ಉಳಿದವನ್ನು ಹುರಿದುಕೊಂಡು ತಿನ್ನುತ್ತಿದ್ದೆವು. ಹಲ್ಲು ಮುರಿಯುವಷ್ಟು ಗಟ್ಟಿ. ನಿಮ್ಮಲ್ಲೂ ಯಾರಾದರೂ ತಿಂದಿದ್ದರೆ ಗೊತ್ತಿರುತ್ತದೆ.

ತಿಂಗಳಿಗೊಮ್ಮೆ ಟಪಾಲಿನವನು ಮನಿಯಾರ್ಡರು ತರುತ್ತಿದ್ದ. ತಾತ ಅವ್ವನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿಸಿ, ಕಾಗದಕ್ಕೆ ಒತ್ತಿಸುತ್ತಿದ್ದ. "ಮಗ ಪಗಾರ ಕಳಿಸ್ಯಾನ" ಅನ್ನುತ್ತಿದ್ದ. ಅಪ್ಪನ ಕಾಗದ ಮಾತ್ರ ಬರುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ ತಾತ, ಹಡಗು ಕಡಿಮೆ ಆಗ್ಯಾವ ಅನ್ನುತ್ತಿದ್ದ. ಅವ್ವ ನಂಬಿದ್ದಳು.

ಒಂದು ದಿನ ಡಂಗುರ ಸಾರುವ ಹನುಮ ಬಂದು ಕಟ್ಟೆಯ ಹತ್ತಿರ ನಿಂತ. "ಹೊನ್ನಕ್ಕ, ಚಾವಡಿಗೆ ಓಟಿನ ಪಟ್ಟಿ ಅಂಟಿಸ್ಯಾರ. ಅದರಾಗ ನಿನ್ನ ಹೆಸರೂ ಐತಂತ. ಶಾನುಭೋಗರು ಓದಿದ್ದು ಕಿವಿಗೆ ಬಿತ್ತು."

ಹೆಂಗಸರೆಲ್ಲ ಹೋ ಅಂತ ನಕ್ಕರು. "ಯಾವಾಗ ಜಮೀನುದಾರ್ತಿ ಆದೆಯವ್ವ ಹೊನ್ನಿ? ನಮಗೊಂದು ಎಕರೆ ಪಾಲಿಗೆ ಕೊಡು!" ಅಂದಳು ಒಬ್ಬಳು.

ಅವ್ವನೂ ನಕ್ಕಳು. "ಗಂಡ ಲಡಾಯಿಗೆ ಹೋಗ್ಯಾನಲ್ಲ. ಸರಕಾರಕ್ಕ ಅಷ್ಟಾರ ನೆಪ್ಪಿರಬಾರದೇನು?" ಅಂದು ಕೈ ತೊಳೆದು, ನನ್ನ ಕೈ ಹಿಡಿದಳು. "ನಡಿ ಪಾರಿ. ಶಾಲಿಗಿ ಹೊಕ್ಕೀಯಲ್ಲ, ಓದಿ ಹೇಳು."

ಆಗ ಎರಡನೇ ಕ್ಲಾಸಿನಲ್ಲಿದ್ದೆ. ಅಕ್ಷರ ಕೂಡಿಸಿ ಓದಲು ಬಂದು ತಿಂಗಳಾಗಿರಲಿಲ್ಲ. ಗೋಡೆಯ ಮೇಲೆ ಏನು ಕಂಡರೂ ಓದುವ ಹುಚ್ಚು. ಚಾವಡಿಯಲ್ಲಿ ನಾಲ್ಕಾರು ಗಂಡಸರು ಕೂತಿದ್ದರು. ಶಾನುಭೋಗರು ನಮ್ಮನ್ನು ನೋಡಿ ಎದ್ದು ಒಳಗೆ ಹೋದರು. ಅವರು ಯಾಕೆ ಹೋದರು ಅಂತ ನನಗೆ ಆಗ ಗೊತ್ತಾಗಲಿಲ್ಲ. ನಾನು ಬೆರಳಿಟ್ಟು ಹುಡುಕಿದೆ. ಸಿಕ್ಕಿತು. ಶಾಲೆಯಲ್ಲಿ ಓದುವ ಹಾಗೆ ಗಂಟಲು ಎತ್ತಿ, ಎಲ್ಲರಿಗೂ ಕೇಳಲಿ ಅಂತ, ಒಂದೊಂದೇ ಅಕ್ಷರ ಬಿಡಿಸಿ ಓದಿದೆ.

"ಹೊನ್ನವ್ವ. ಮೃತ ಸಿಪಾಯಿ ಈರಣ್ಣನ ವಿಧವೆ. ಪಿಂಚಣಿದಾರಳು."

ಓದುವಾಗ ಅರ್ಥದ ಕಡೆ ಗಮನ ಇರಲಿಲ್ಲ. ಒತ್ತಕ್ಷರ ಸರಿಯಾಗಿ ಬಂತಲ್ಲ ಅಂತ ಖುಷಿ ಇತ್ತು. ಓದಿ ತಿರುಗಿ ಅವ್ವನ ಮುಖ ನೋಡಿದೆ. ಆಗ ಗೊತ್ತಾಯಿತು.

"ಇನ್ನೊಮ್ಮೆ ಓದು" ಅಂದಳು ಅವ್ವ.

ಓದಿದೆ. ಈ ಸಲ ಮೆಲ್ಲಗೆ.

"ಇನ್ನೊಮ್ಮೆ."

"ನನಗ ಬರಾಂಗಿಲ್ಲ" ಅಂದೆ.

ಹೊಲ ಇಲ್ಲದ ಹೆಂಗಸಿಗೆ ಬಿಳಿಯರು ಓಟು ಕೊಡುತ್ತಿದ್ದ ದಾರಿಗಳಲ್ಲಿ ಇದೂ ಒಂದಾಗಿತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಸಿಪಾಯಿ ಸತ್ತು ಅವನ ಪಿಂಚಣಿ ಬರುತ್ತಿದ್ದರೆ ಹೆಂಡತಿಗೆ ಓಟು. ಅವತ್ತು ಚಾವಡಿಯಲ್ಲಿ ಓದು ಬಲ್ಲ ಗಂಡಸರಿಗೆಲ್ಲ ಅದು ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟವಳು ನಾನು.

ಮನೆಯಲ್ಲಿ ತಾತ ಹಗ್ಗ ಹೊಸೆಯುತ್ತಿದ್ದ. ಅವ್ವ ಬಾಗಿಲಲ್ಲೇ ನಿಂತು ಕೇಳಿದಳು. "ಮಾವ, ಪಟ್ಟಿಯಾಗ ಹಿಂಗ ಬರದಾರ. ಖರೇ ಏನು?"

ತಾತ ಹಗ್ಗದಿಂದ ಕಣ್ಣು ಎತ್ತಲಿಲ್ಲ. "ಬರಿಯೋರೂ ಮನಷ್ಯಾರ ಅಲ್ಲೇನು? ತಪ್ಪಿ ಬರದಿರ್ತಾರ."

"ಹಂಗಾದ್ರ ತಿದ್ದೋರು ಯಾರು?"

"ಓಟಿನ ದಿನ ದೊಡ್ಡ ಸಾಹೇಬ ಬರ್ತಾನ. ಅವನ ಕೈಯಾಗಿರತೈತಿ."

ಆ ಹೊತ್ತಿಗೆ ತಪ್ಪಿಸಿಕೊಂಡರೆ ಸಾಕು ಅಂತ ಅಂದ ಮಾತು ಅದು. ಅವ್ವ ಅದನ್ನೇ ಗಟ್ಟಿಯಾಗಿ ಹಿಡಿದಳು. ಮುಖಕ್ಕೆ ರಕ್ತ ತಿರುಗಿ ಬಂತು. ಅವತ್ತು ರೊಟ್ಟಿ ಬಡಿಯುವಾಗ ಹಾಡು ಕೂಡ ಹೇಳಿದಳು.

ಅಲ್ಲಿಂದ ಓಟಿನ ದಿನದವರೆಗೆ ನಮ್ಮ ಮನೆಗೆ ಬಂದಷ್ಟು ದೊಡ್ಡ ಜನ ಯಾವತ್ತೂ ಬಂದಿರಲಿಲ್ಲ. ಓಟು ಇದ್ದವರೇ ಕಡಿಮೆ, ಹಾಗಾಗಿ ಒಂದೊಂದು ಓಟಿಗೂ ಬೆಲೆ. ಒಂದು ದಿನ ಹಳದಿ ಪೆಟ್ಟಿಗೆಯವರು ಬಂದು "ತಾಯಿ, ನಮ್ಮನ್ನ ಮರೀಬ್ಯಾಡ" ಅನ್ನುವರು, ಮರುದಿನ ಹಸಿರು ಪೆಟ್ಟಿಗೆಯವರು. ಅಕ್ಷರ ಬಾರದವರಿಗೆ ಗೊತ್ತಾಗಲಿ ಅಂತ ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಓಟಿನ ಪೆಟ್ಟಿಗೆ. ಹಳದಿಯವರು ನನಗೆ ಮಂಡಕ್ಕಿ ಬೆಲ್ಲ ಕೊಟ್ಟರು. ತಿಂದೆ. ತಿನ್ನಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ.

ಓಟಿನ ದಿನ ಅವ್ವ ಬೆಳಗ್ಗೆಯೇ ಎರೆದುಕೊಂಡಳು. ಹಸಿರು ಬಳೆ ಹೊಸದಾಗಿ ಇಡಿಸಿಕೊಂಡಿದ್ದಳು. ತಲೆಗೆ ಸೇವಂತಿಗೆ, ಹಣೆಗೆ ಅಗಲವಾಗಿ ಕುಂಕುಮ. "ಸಾಹೇಬಗ ನೋಡಿದ ಕೂಡ್ಲೆ ಗೊತ್ತಾಗಬೇಕು" ಅಂದಳು. ಹಳದಿಯವರು ಕಳಿಸಿದ ಗಾಡಿಯಲ್ಲಿ ಮೂವರೂ ಹೋಬಳಿ ಊರಿನ ಶಾಲೆಗೆ ಹೋದೆವು. ದಾರಿಯುದ್ದಕ್ಕೂ ತಾತ ಎತ್ತಿನ ಬಾಲ ನೋಡುತ್ತ ಕೂತಿದ್ದ.

ಒಳಗೆ ಮೇಜಿನ ಹಿಂದೆ ಕರಿ ಕೋಟಿನ ಸಾಹೇಬ. ನಮ್ಮ ಕಡೆಯವನೇ, ಬಿಳಿಯನಲ್ಲ. ಪಕ್ಕದ ಬೆಂಚಿನಲ್ಲಿ ಎರಡೂ ಪೆಟ್ಟಿಗೆಯ ಏಜೆಂಟರು. ಗುಮಾಸ್ತ ಹೆಸರು ಕೂಗಿದ್ದೇ ತಡ, ಹಸಿರು ಪೆಟ್ಟಿಗೆಯವನು ಎದ್ದು ನಿಂತ.

"ಸ್ವಾಮಿ, ಇದು ಸುಳ್ಳು ಓಟು! ಪಟ್ಟಿಯಾಗ ಗಂಡ ಸತ್ತಾಕಿ ಅಂತ ಐತಿ. ಇಕಿನ್ನ ನೋಡ್ರಿ, ಮದಲಗಿತ್ತಿ ಬಂದಂಗ ಬಂದಾಳ!"

ಸಾಲಿನಲ್ಲಿದ್ದವರು ಕಿಸಕ್ಕೆಂದರು. ಅವ್ವ ಹೆದರಲಿಲ್ಲ. "ಅದನ್ನ ಹೇಳಾಕ ಬಂದೀನ್ರಿ ಸಾಹೇಬ್ರ. ಪಟ್ಟಿ ತಪ್ಪೈತಿ. ನಮ್ಮನಿಯವರು ಅದಾರ."

ಸಾಹೇಬ ಅವಳ ಹಣೆ ನೋಡಿದ, ಪಟ್ಟಿ ನೋಡಿದ. "ಅದಾರಾ? ಹಂಗಾದ್ರೆ ತಿಂಗಳಾ ಬರೋ ಪಿಂಚಣಿಗೆ ಹೆಬ್ಬೆಟ್ಟು ಒತ್ತೋದು ಯಾರಮ್ಮ?"

"ನಾನೇರಿ. ಅದು ಪಗಾರ. ಅವರು ಕಳಸೋದು."

"ಪಗಾರ ಅಲ್ಲಮ್ಮ, ಪಿಂಚಣಿ. ಗಂಡ ಬದುಕಿದ್ದಾಗ ಪಿಂಚಣಿ ತಿಂದ್ರೆ ಜೈಲಾಗ್ತದೆ. ನಿನ್ನ ಕೈಲಿ ಒತ್ತಿಸಿದೋರು ಯಾರು, ಹೇಳು, ಬರ್ಕೋತೀನಿ."

ಅವನು ಕೆಟ್ಟವನೇನಲ್ಲ. ಸಾಲು ಉದ್ದ ಇತ್ತು, ಬೇಗ ಮುಗಿಯಬೇಕಾಗಿತ್ತು, ಅಷ್ಟೆ.

ಅವ್ವ ತಿರುಗಿ ನೋಡಿದಳು. ತಾತ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಅವಳು ನೋಡುತ್ತಾಳೆ ಅಂತ ಗೊತ್ತಾದ ಕೂಡಲೇ ನೆಲ ನೋಡಿದ. ಅವ್ವ ಎಷ್ಟು ಹೊತ್ತು ಹಾಗೆ ನಿಂತಳೋ. ಒಂದು ಹುಣಸೆಕಾಯಿಯ ಓಡು ಬಿಡಿಸುವಷ್ಟು ಹೊತ್ತು ಇರಬಹುದು. ಆಮೇಲೆ ಸೆರಗಿನ ತುದಿ ತೆಗೆದುಕೊಂಡು ಹಣೆ ಒರೆಸಿದಳು. ಕುಂಕುಮ ಒಂದೇ ಸಲಕ್ಕೆ ಹೋಗಲಿಲ್ಲ. ಹುಬ್ಬಿನ ಮೇಲೆ ಹರಡಿತು. ಮತ್ತೆ ಒರೆಸಿದಳು. ಹೂವು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಳೆ ತೆಗೆಯಲು ನೋಡಿದಳು, ಹೊಸ ಬಳೆ, ಬಿಗಿ, ಬರಲಿಲ್ಲ. ಸೆರಗಿನೊಳಗೆ ಕೈ ಮುಚ್ಚಿಕೊಂಡಳು.

"ನಾನೇ ಆಕಿ. ಚೀಟಿ ಕೊಡ್ರಿ" ಅಂದಳು.

ಹಸಿರು ಪೆಟ್ಟಿಗೆಯವನು ಕೂತುಬಿಟ್ಟ. ಗುಮಾಸ್ತ, "ಗಂಡನ ಹೆಸರು?" ಅಂತ ಕೇಳಿದ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ. ಅವ್ವ ನನ್ನ ಬೆನ್ನಿಗೆ ಕೈ ಇಟ್ಟು ಮುಂದೆ ದೂಡಿದಳು. "ಹೇಳು, ಪಾರಿ."

"ಈರಣ್ಣ" ಅಂದೆ.

"ಮೃತ ಈರಣ್ಣ, ಹೌದಲ್ಲ?"

"ಹೂಂ" ಅಂದೆ.

ಬರುವಾಗ ಗಾಡಿ ಹತ್ತಿಸಿಕೊಳ್ಳುತ್ತ ಹಳದಿಯವನು ಕೇಳಿದ, "ನಮಗೇ ಹಾಕಿದೆಯಲ್ಲ ತಾಯಿ?" ಅವ್ವ, "ಕೈಗೆ ಯಾವುದು ಹತ್ತಿರ ಇತ್ತೋ ಅದಕ್ಕ ಹಾಕಿದೆ" ಅಂದಳು. ಬಣ್ಣ ನೋಡಿರಲೇ ಇಲ್ಲ.

ಮನೆಗೆ ಬಂದ ಮೇಲೆ ತಾತ ಅತ್ತ. ದೊಡ್ಡವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಮೂಗಿನಿಂದ ಸದ್ದು ಬರುತ್ತಿತ್ತು.

"ಯಾವಾಗ ತಿಳೀತು ಮಾವ?" ಅಂದಳು ಅವ್ವ.

"ಎರಡು ಉಗಾದಿ ಆತು."

"ಎರಡು ಉಗಾದಿಗೂ ನನ್ನ ಹಣಿಗೆ ನೀನೇ ಕುಂಕುಮ ತಂದು ಕೊಟ್ಟಿ."

"ಇದೊಂದು ಉಗಾದಿ ಕಳೀಲಿ, ಇದೊಂದು ಕಳೀಲಿ ಅಂತ ದೂಡಿದೆ, ತಂಗಿ. ನನ್ನ ಬಾಯಿಂದ ಬಂದ್ರ ಅವ ಖರೇನೇ ಸತ್ತಂಗಾಗ್ತಿತ್ತು."

ಬೇರೆ ಹೆಂಗಸರಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಅವ್ವ ಹೋಗಿ ನೀರೊಲೆಗೆ ಬೆಂಕಿ ಹಾಕಿದಳು. ಸಂಜೆ ಓಣಿಯ ಮುದುಕಿಯರು ಬಳೆ ಒಡೆಯಲು ಬಂದಾಗ ಕೈ ತಾನೇ ಮುಂದೆ ಚಾಚಿದಳು. ಹಸಿರು ಚೂರು ಹುಣಸೆ ಬೀಜದ ಗುಡ್ಡೆಯೊಳಗೆ ಸಿಡಿದು, ನಮಗೆ ಆಡಲು ಬಾರದ ಹಾಗಾಯಿತು.

ಶಾಲೆ ನಾನೇ ಬಿಟ್ಟೆ. ಹೋಗು ಅಂತ ಅವ್ವ ಎರಡು ಸಲ ಅಂದಳು, ಮೂರನೇ ಸಲ ಅನ್ನಲಿಲ್ಲ. ತಾತ ಮರುವರ್ಷ ತೀರಿಕೊಂಡ. ದೇಶಕ್ಕೆ ಸ್ವಾತಂತ್ರ್ಯ ಬಂತು, ಎಲ್ಲರಿಗೂ ಓಟು ಬಂತು. ಪ್ರತಿ ಸಲ ಯಾರಾದರೂ ಅವ್ವನನ್ನು ಕರೆಯಲು ಬರುವರು. "ನಂದು ಹಾಕಿ ಆಗೈತಿ" ಅನ್ನುತ್ತಿದ್ದಳು. ಸಾಯುವ ತನಕ ಮತ್ತೊಂದು ಓಟು ಹಾಕಲಿಲ್ಲ. ನಾನೂ ಹಾಕಿಲ್ಲ.

ಮೊನ್ನೆ ಮೊಮ್ಮಗಳು, ಲಿಂಕೋಪಿಂಗಿನಲ್ಲಿ ಓದುತ್ತಿರುವವಳು, ರಜೆಗೆ ಬಂದಾಗ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ ನಮ್ಮ ಕ್ಷೇತ್ರ ಹುಡುಕಿದಳು. "ಅಜ್ಜೀ, ನಿಮ್ಮ ಕಾನ್‌ಸ್ಟಿಟ್ಯುಯೆನ್ಸಿ ಈಗ ಇಲ್ವೇ ಇಲ್ಲ. ಆವಾಗ್ಲೇ ತೆಗೆದುಬಿಟ್ಟಿದ್ದಾರೆ. ಯಾರು ಗೆದ್ರು, ಯಾರು ಸೋತ್ರು, ಅಷ್ಟೇ ಇದೆ. ಯೂ ವಾಂಟ್ ಟು ನೋ?" ಅಂದಳು. ಬೇಡ ಅಂದೆ. ಗೆದ್ದವನು ಸತ್ತಿದ್ದಾನೆ, ಸೋತವನೂ ಸತ್ತಿದ್ದಾನೆ. ಅಪ್ಪನನ್ನು ಎಲ್ಲಿ ಮಣ್ಣು ಮಾಡಿದರು ಅಂತ ಯಾವ ಕಾಗದದಲ್ಲೂ ಬರಲಿಲ್ಲ. ಅವ್ವನದು ಒಂದು ಫೋಟೋ ಕೂಡ ಇಲ್ಲ.

ಪಟ್ಟಿ ಓದಿದ್ದಕ್ಕೆ ಅವ್ವ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈಯಲಿ ಅಂತ ಎಷ್ಟೋ ವರ್ಷ ಕಾದೆ. ಬೈದಿದ್ದರೆ ಅತ್ತು ಮರೆತುಬಿಡುತ್ತಿದ್ದೆ. ಆ ವರ್ಷದ ಉಗಾದಿಗೆ ಇನ್ನು ಕೆಲವೇ ದಿನ ಇತ್ತು. ನಾನು ಆ ಗೋಡೆಯ ಮುಂದೆ ಸುಮ್ಮನೆ ನಿಂತಿದ್ದರೆ ಅಪ್ಪ ಇನ್ನೊಂದು ಉಗಾದಿ ಬದುಕಿರುತ್ತಿದ್ದ.