ಪುಂಡಿಪಲ್ಯೆ ತಿನ್ನದ ನಾಯಕಿ

ರಾಯಚೂರಿನ ಟಾಕೀಸಿನಲ್ಲಿ ನಾಯಕಿ ಗಂಡನ ಕಾಲಿಗೆ ಬಿದ್ದಳು. ಜನ ಶಿಳ್ಳೆ ಹೊಡೆದರು. ದೇವದುರ್ಗದಿಂದ ಬಸ್ ಹತ್ತಿ ಬಂದಿದ್ದ ನಾವು ಆರು ಜನ ಹೆಂಗಸರು ಮಾತ್ರ ಬಾಯಿ ತೆರೆದು ಕೂತಿದ್ದೆವು.

ಇದಲ್ಲ ಕತೆ... ಇದು ನಾವು ಕೇಳಿದ ಕತೆಯೇ ಅಲ್ಲ!

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಆಗ ಇಪ್ಪತ್ತು ವರ್ಷ. ಕುಡಿದು ಬಂದು ಕೈ ಮಾಡುತ್ತಿದ್ದ ಗಂಡನನ್ನು ಬಿಟ್ಟು ದೇವದುರ್ಗದ ತವರಿಗೆ ಬಂದು ಎಂಟು ತಿಂಗಳಾಗಿತ್ತು.

ನಮ್ಮ ಓಣಿಯಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಸೇರಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸುತ್ತಲೂ ಕೂತು ಸೂಜಿ ಹಾಕುವುದು. ಆ ಹೊತ್ತಿಗೆ ಶಾಂತಮ್ಮಕ್ಕ ರಾಯಚೂರಿನಿಂದ ಕಾದಂಬರಿ ತರಿಸಿ ಓದುತ್ತಿದ್ದರು.

ಅವರು ದವಾಖಾನೆಯ ಕಂಪೌಂಡರ್ ಹೆಂಡತಿ. ನಮ್ಮಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ಅವರೊಬ್ಬರಿಗೇ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟಕ್ಕೆ ನನ್ನ ವಿದ್ಯೆ ಮುಗಿದಿತ್ತು.

ಓದುವವರು ಸೂಜಿ ಮುಟ್ಟುವಂತಿಲ್ಲ, ಅದು ಓಣಿಯ ಕಾಯ್ದೆ. ಅವರ ಮನೆಯ ಕೌದಿಗೆ ಕೇಳುವವರೇ ಸರದಿಯಂತೆ ಸಾಲು ಹಾಕಿಕೊಡಬೇಕು.

ಏನು ಓದುತ್ತಿದ್ದರು ಅಂತೀರಿ! ಅತ್ತೆಯ ದನಿ ಬೇರೆ, ಸೊಸೆಯ ದನಿ ಬೇರೆ. ಅಳುವ ಜಾಗ ಬಂದರೆ ನಮ್ಮ ಸೂಜಿಗಳೆಲ್ಲ ತಾವಾಗಿಯೇ ನಿಲ್ಲುತ್ತಿದ್ದವು.

ಆ ವರ್ಷ ಅವರು ಓದಿದ ಒಂದು ಕಾದಂಬರಿಯ ನಾಯಕಿ ಮೈಸೂರಿನ ಸಾಹುಕಾರರ ಮಗಳು. ಪ್ರೀತಿಸಿ ಮದುವೆಯಾಗಿ, ಪ್ರೀತಿಸಿದವನಿಂದಲೇ ಏಟು ತಿಂದು, ಮನೆ ಬಿಡುತ್ತಾಳೆ. ದುಃಖವಾದಾಗಲೆಲ್ಲ ನಮ್ಮ ಹಾಗೆಯೇ ಬಿಸಿ ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯೆ ತಿನ್ನುತ್ತಾಳೆ.

ಮೈಸೂರಿನ ಸಾಹುಕಾರರ ಮನೆಗೆ ಪುಂಡಿಪಲ್ಯೆ ಎಲ್ಲಿಂದ ಬಂತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ಕೊನೆಗೆ ಗಂಡ ಕರೆಯಲು ಬಂದರೂ ಅವಳು ಹೋಗುವುದಿಲ್ಲ. ಬಿಟ್ಟ ಪರೀಕ್ಷೆ ಕಟ್ಟಿ ಟೀಚರ್ ಆಗುತ್ತಾಳೆ. ಆ ಕೊನೆ ಕೇಳಿದ ದಿನ ನನ್ನ ಎದೆ ಎಷ್ಟು ಹಗುರಾಗಿತ್ತು ಅಂದರೆ, ನನ್ನ ಪಾಲಿನ ಸಾಲಿನ ಜೊತೆಗೆ ಇನ್ನೆರಡು ಸಾಲು ಹೆಚ್ಚಿಗೆ ಹೊಲಿದೆ.

ಅದೇ ಕಾದಂಬರಿ ಸಿನಿಮಾ ಆಗಿ ರಾಯಚೂರಿಗೆ ಬಂತು. ಎಲ್ಲ ದೊಡ್ಡ ದೊಡ್ಡ ಸ್ಟಾರ್‌ಗಳೇ! ಮ್ಯಾಟಿನಿಗೆ ಹೊರಟೆವು, ನಮ್ಮವ್ವನೂ ಬಂದಳು. ಶಾಂತಮ್ಮಕ್ಕ ಮಾತ್ರ ಒಮ್ಮೆ ತಲೆನೋವು ಅಂದರು, ಒಮ್ಮೆ ಸೊಂಟನೋವು ಅಂದರು. ನಾವು ಬಿಡಲಿಲ್ಲ, ಎಳೆದುಕೊಂಡೇ ಹೋದೆವು.

ಸಿನಿಮಾ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಹೀರೊ ನಕ್ಕರೆ ಇಡೀ ಟಾಕೀಸು ನಗುತ್ತಿತ್ತು. ಹೀರೊಯಿನ್ ಉಟ್ಟ ಸೀರೆಗಳನ್ನು ನೋಡಲು ಎರಡು ಕಣ್ಣು ಸಾಲದು.

ಆದರೆ ರೊಟ್ಟಿಯಿಲ್ಲ, ಪುಂಡಿಪಲ್ಯೆಯಿಲ್ಲ, ಬರೀ ಕಾಫಿ! ಅದೂ ಹೋಗಲಿ ಅಂದರೆ, ಕೊನೆಗೆ ಹೊಡೆದವನ ಕಾಲಿಗೇ ಬಿದ್ದು ಇವಳೇ ತಪ್ಪಾಯಿತು ಅಂದಳು.

ವಾಪಸ್ ಬಸ್ಸಿನಲ್ಲಿ ಅವ್ವ ನನ್ನ ವಿಷಯ ತೆಗೆದಳು. ಬರುವ ಸೋಮವಾರ ಗಂಡನ ಮನೆಯವರು ನನ್ನನ್ನು ಕರೆದೊಯ್ಯಲು ಬರುವವರಿದ್ದರು. ನಾನಿನ್ನೂ ಹ್ಞೂಂ ಅಂದಿರಲಿಲ್ಲ.

"ನೋಡ್ದೆಲ್ಲ, ಅಂಥಾ ಸಾಹುಕಾರ್ರ ಮಗಳೇ ಹೊಳ್ಳಿ ಹೋದ್ಳು. ನಿಂದೇನದ ಬೇ? ಸುಮ್ಮ ಹೋಗು."

ಎಂಟು ತಿಂಗಳು ಕೂಡಿಸಿಟ್ಟ ಧೈರ್ಯ ಆ ಒಂದು ಸೀನಿಗೆ ಹೋಗಿಬಿಟ್ಟಿತ್ತು. ಹೋಗಿಬಿಡೋಣ ಅಂತಲೇ ಅನ್ನಿಸಿತು, ನಿಜ ಹೇಳುತ್ತೇನೆ.

ಆಗ ಮುಂದಿನ ಸೀಟಿನಿಂದ ಶಾಂತಮ್ಮಕ್ಕ ತಿರುಗಿದರು.

"ಸಿನಿಮಾದವ್ರು ಕತಿ ಕೆಡಿಸ್ಯಾರ ಯಕ್ಕಾ. ಪುಸ್ತಕದಾಗ ಹಂಗ ಇಲ್ಲ. ನಾ ಓದೀನಿ, ನೀವೆಲ್ಲಾ ಕೇಳೀರಿ. ಆಕಿ ಹೋಗಂಗಿಲ್ಲ."

ನಮ್ಮವರೆಲ್ಲ ಹೌದೌದು ಅಂದರು. ಅಚ್ಚಾದ ಪುಸ್ತಕಕ್ಕೆ ಎದುರಾಡಲು ಅವ್ವನಿಗೂ ಧೈರ್ಯವಾಗಲಿಲ್ಲ.

ಸೋಮವಾರ ಅವರು ಬಂದರು, ಚಹಾ ಕುಡಿದರು. ನಾನು ಬರುವುದಿಲ್ಲ ಅಂದೆ. ಎದ್ದು ಹೋದರು.

ಶಾಂತಮ್ಮಕ್ಕನ ಹತ್ತಿರವೇ ಓದು ಕಲಿತು ಏಳನೇ ಕ್ಲಾಸಿನ ಪರೀಕ್ಷೆ ಕಟ್ಟಿದೆ. ಕೆಲವು ವರ್ಷಕ್ಕೆ ಮಾನ್ವಿಯಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಅಷ್ಟೂ ವರ್ಷ ಸಿಕ್ಕಸಿಕ್ಕವರ ಮುಂದೆ ಆ ಸಿನಿಮಾದವರಿಗೆ ಶಾಪ ಹಾಕಿದ್ದೇ ಹಾಕಿದ್ದು.

ಒಂದು ದಿನ ಮಾನ್ವಿಯ ಲೈಬ್ರರಿಯಲ್ಲಿ ಅದೇ ಕಾದಂಬರಿ ಕೈಗೆ ಸಿಕ್ಕಿತು. ನಿಂತಲ್ಲೇ ಕೊನೆಯ ಪುಟ ತೆಗೆದೆ.

ಕಾಲಿಗೆ ಬಿದ್ದಿದ್ದಾಳೆ! ಥೇಟ್ ಸಿನಿಮಾದ ಹಾಗೆಯೇ...

ಪರೀಕ್ಷೆಯೂ ಇಲ್ಲ, ಟೀಚರೂ ಇಲ್ಲ. ಇಡೀ ಪುಸ್ತಕ ಹುಡುಕಿದರೆ ಒಂದು ಪುಂಡಿ ಎಲೆಯೂ ಇಲ್ಲ.

ಆ ಭಾನುವಾರವೇ ದೇವದುರ್ಗದ ಬಸ್ ಹತ್ತಿದೆ. ಬರುತ್ತಿದ್ದದ್ದು ಸಿಟ್ಟೋ ಅಳುವೋ ನನಗೇ ತಿಳಿಯಲಿಲ್ಲ. ಶಾಂತಮ್ಮಕ್ಕನ ಕಣ್ಣು ಅಷ್ಟರಲ್ಲಿ ಮಂಜಾಗಿತ್ತು, ಓದು ನಿಂತಿತ್ತು. ಕೌದಿಯ ಹತ್ತಿರ ಸುಮ್ಮನೆ ಕೂತಿದ್ದ ಅವರನ್ನು ಒಳಗೆ ಕರೆದು, ಯಾಕೆ ಹಾಗೆ ಓದಿದಿರಿ ಅಂತ ಕೇಳಿದೆ.

"ಕಡೀ ಹಾಳಿ ತೆಗದಾಗ ನೀ ನನ್ನ ಮುಖಾನ ನೋಡಾಕತ್ತಿದ್ದಿ. ಅಲ್ಲಿದ್ದದ್ದು ಓದಾಕ ನನಗ ಬಾಯಿ ಬರಲಿಲ್ಲ ಬೇ."

ಇಬ್ಬರೂ ಅತ್ತೆವು. ಆಮೇಲೆ ಪುಂಡಿಪಲ್ಯೆ ನೆನಪಾಗಿ ಇಬ್ಬರೂ ನಕ್ಕೆವು. ಎಷ್ಟೋ ಸ್ಟಾರ್‌ಗಳನ್ನು ನೋಡಿದ್ದೇನೆ, ಆದರೆ ಶಾಂತಮ್ಮಕ್ಕನಷ್ಟು ದೊಡ್ಡವರನ್ನು ನಾನು ಕಂಡಿಲ್ಲ.

ಅರ್ಧಕ್ಕೆ ನಿಂತಿದ್ದ ಹೊಸ ಕಾದಂಬರಿಯೊಂದನ್ನು ನನ್ನ ಕೈಗೆ ಕೊಟ್ಟರು. "ಇನ್ನ ಮ್ಯಾಲ ನೀ ಓದು. ಸೂಜಿ ನಾ ಕೈ ಅಂದಾಜಿನ ಮ್ಯಾಲ ಹಾಕ್ತೀನಿ."

ನಾಲ್ಕೈದು ಭಾನುವಾರ ಮಾನ್ವಿಯಿಂದ ಹೋಗಿ ಓದಿದೆ. ಕೌದಿಯ ತುದಿಯಲ್ಲಿ ಒಬ್ಬ ಹೊಸ ಹುಡುಗಿ ಕೂರುತ್ತಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದು ಎರಡು ತಿಂಗಳಾಗಿತ್ತಂತೆ.

ಕೊನೆಯ ಪುಟಕ್ಕೆ ಬಂದಾಗ ಅವಳು ಸೂಜಿ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಪುಸ್ತಕದ ನಾಯಕಿ ಅಳುತ್ತಾ ಗಂಡನ ಮನೆಯ ದಾರಿ ಹಿಡಿದಿದ್ದಾಳೆ.

ನಾನು ಓದುತ್ತಲೇ ಆ ನಾಯಕಿಯನ್ನು ಅಲ್ಲೇ ತಡೆದು ಕೂರಿಸಿ, ಬಿಸಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದೆ.

ನೀವಾಗಿದ್ದರೆ ಅಲ್ಲಿದ್ದದ್ದನ್ನೇ ಓದುತ್ತಿದ್ದಿರಾ?