ರಟ್ಟಿನಾಚೆಯ ಅಯಸ್ಕಾಂತ

ಹುತ್ತೂರಿನ ನಮ್ಮ ಮನೆಯಲ್ಲಿ ಆ ಕಾಲಕ್ಕೆ ರೇಷ್ಮೆ ಹುಳುವಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು; ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣದ ಹೆಸರು ಕೇಳಿದರೇ ಹುಳು ಸಾಕುವವರ ಎದೆ ಝಲ್ಲೆನ್ನುತ್ತಿತ್ತು. ಹುಳು ಮನೆಯ ಸರಳಿಲ್ಲದ ಪುಟ್ಟ ಕಿಟಕಿಗೂ ಅಜ್ಜಿ ರಟ್ಟು ಹೊಡೆಸಿದ್ದಳು. ನಾಲ್ಕನೇ ಜ್ವರ, ಅಂದರೆ ಹುಳು ಕೊನೆಯ ಸಲ ಪೊರೆ ಬಿಡುವುದು ಮುಗಿದ ಮೇಲಂತೂ ಹೊರಗಿನವರು ಒಳಗೆ ಬರುವಂತಿರಲಿಲ್ಲ, ಸೊಪ್ಪು ಹಾಕುವವರು ಹೊರಗಿನವರ ಜೊತೆ ಸೇರುವಂತಿರಲಿಲ್ಲ. ಆ ಬೇಸಿಗೆ ರಜೆಯಲ್ಲಿ ಸೊಪ್ಪು ಹಾಕುವವಳು ನಾನೇ.

ಹೊರಗೆ ಹುಡುಗಿಯರು ಕುಂಟೆಬಿಲ್ಲೆ ಆಡುವ ಗಲಾಟೆ. ಒಳಗೆ ಸುಣ್ಣದ ವಾಸನೆ, ಹಸಿ ಸೊಪ್ಪಿನ ವಾಸನೆ, ಮತ್ತು ನಾನು. ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಅಮ್ಮ ತೀರಿಕೊಂಡ ಮೇಲೆ ಅಜ್ಜಿಯ ಬಳಿ ಬೆಳೆದ ನನಗೆ ಹಿಂದಿನ ಓಣಿಯ ಶಮೀಮ್ ಒಬ್ಬಳೇ ಗೆಳತಿ. ಅವಳ ಅಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಕೆಟ್ಟ ಸ್ಪೀಕರಿನಿಂದ ತೆಗೆದ, ಬಳೆಯಂಥ ಕಪ್ಪು ಅಯಸ್ಕಾಂತವೊಂದನ್ನು ನಮಗೆ ಕೊಟ್ಟಿದ್ದರು. ಅದು ಚಪ್ಪಡಿಯ ಮೇಲೆ ಬಿದ್ದು ಎರಡು ಹೋಳಾದಾಗ ಗೋಳೋ ಎಂದು ಅತ್ತೆ.

"ಯಾಕಮ್ಮಾ ಅಳ್ತೀಯಾ? ಮುರಿದ್ರೂ ಅದರ ಶಕ್ತಿ ಹೋಗಲ್ಲ. ಈಗ ನಿಂಗೊಂದು, ಶಮೀಮ್‌ಗೊಂದು ಆಯ್ತಲ್ಲ," ಎಂದು ಅವರು ನಕ್ಕರು.

ನಿಜವೇ. ಎರಡು ಹೋಳುಗಳನ್ನು ಎದುರುಬದುರು ಹಿಡಿದರೆ ಕಚ್ಚಿಕೊಳ್ಳುತ್ತಿದ್ದವು. ಒಂದನ್ನು ತಿರುಗಿಸಿ ಹಿಡಿದರೆ ಅದೇ ಇನ್ನೊಂದನ್ನು ದೂರ ನೂಕುತ್ತಿತ್ತು.

ಆ ಸೆಳೆತಕ್ಕೆ ರಟ್ಟು ಅಡ್ಡಿಯಲ್ಲ ಎಂದು ಕಂಡುಹಿಡಿದವಳು ಶಮೀಮ್. ನಾನು ಒಳಗಿನಿಂದ, ಅವಳು ಓಣಿಯಿಂದ ಕಿಟಕಿಗೆ ಹಿಡಿದರೆ ಹೋಳುಗಳು ರಟ್ಟಿನ ಎರಡು ಬದಿಗೆ ಅಂಟಿಕೊಳ್ಳುತ್ತಿದ್ದವು. ಅವಳು ಬಾಯಿಬಿಟ್ಟರೆ ಜಗಲಿಯಲ್ಲಿ ಸೊಪ್ಪು ಬಿಡಿಸುವ ಅಜ್ಜಿಗೆ ಗೊತ್ತಾಗುತ್ತಿತ್ತು. ನಾನು ಗೊಣಗಿದರೆ ಹುಳುಗಳ ಜೊತೆ ಮಾತಾಡುತ್ತಿದ್ದೇನೆ ಎಂದು ಅಜ್ಜಿ ಸುಮ್ಮನಿರುತ್ತಿದ್ದಳು. ಹಾಗಾಗಿ ಮಾತು ನನ್ನದು, ಉತ್ತರ ಅಯಸ್ಕಾಂತದ್ದು. ಒಪ್ಪಿಗೆಯಾದರೆ ಸುಮ್ಮನೆ ಹಿಡಿದಿರುವಳು, ಸಿಟ್ಟು ಬಂದರೆ ತಿರುಗಿಸಿ ನೂಕುವಳು. ಸಂಜೆ ಹಾಗೇ ಬಿಟ್ಟು ಹೋದರೂ ಹೋಳುಗಳು ಒಂದನ್ನೊಂದು ಹಿಡಿದುಕೊಂಡು ಬೀಳದೆ ನಿಲ್ಲುತ್ತಿದ್ದವು.

ಆಮೇಲೆ ಒಂದಷ್ಟು ದಿನ ಶಮೀಮ್ ಒಮ್ಮೆಯೂ ನೂಕಲಿಲ್ಲ. ನನ್ನ ಹೋಳನ್ನು ಎತ್ತ ಜರುಗಿಸಿದರೂ ಅವಳದು ಹಿಂದೆಯೇ ಬರುವುದು ಕೈಗೆ ತಿಳಿಯುತ್ತಿತ್ತು. ಈಗ ಇವಳಿಗೆ ನನ್ನ ಮೇಲೆ ಸಿಟ್ಟೇ ಇಲ್ಲ ಎಂದು ಹಿಗ್ಗಿಹೋದೆ. ಕತ್ತಲೆಂದರೆ ನನಗೆ ಭಯ, ಅಮ್ಮನ ಮುಖ ಮರೆತುಹೋಗುತ್ತಿದೆ, ಅದನ್ನು ಅಜ್ಜಿಗೆ ಹೇಳಲು ನಾಚಿಕೆ, ಹೀಗೆ ಹೊಟ್ಟೆಯೊಳಗಿದ್ದುದನ್ನೆಲ್ಲ ಅವಳಿಗೆ ಹೇಳಿದೆ.

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದ ಮೇಲೆ ಅಜ್ಜಿ ನನ್ನನ್ನು ಹೊರಗೆ ಬಿಟ್ಟಳು. ಓಣಿಗೆ ಓಡಿದೆ. ಶಮೀಮ್ ಮನೆಗೆ ಬೀಗ. ನಮ್ಮ ಕಿಟಕಿಯ ರಟ್ಟಿನ ಮೇಲೆ ಅವಳ ಹೋಳು ಧೂಳು ಹಿಡಿದು ಅಂಟಿಕೊಂಡಿತ್ತು. ಅದನ್ನು ಕಿತ್ತೆ. ಒಳಗೆ ನನ್ನದು ನೆಲಕ್ಕೆ ಬಿದ್ದ ಸದ್ದಾಯಿತು.

"ಅವರು ಮದನಪಲ್ಲಿಗೆ ಅಂಗಡಿ ಎತ್ಕೊಂಡು ಹೋಗಿ ಆಗ್ಲೇ ಬೋ ದಿನ ಆಯ್ತಲ್ಲೇ," ಎಂದಳು ಅಜ್ಜಿ. "ನಿಂಗೆ ಹೇಳ್ಬೇಕು ಅಂತ ಆ ಮಗು ಬಾಗ್ಲ ತನಕ ಬಂದಿತ್ತು. ನಾನೇ ರಾವದ್ದಮ್ಮಾ, ಬರ್ಬೇಡ, ಒಳಗೆ ಹುಳ ಐತೆ ಅಂತ ವಾಪಸ್ ಕಳಿಸ್ದೆ."

"ಮತ್ತೆ ನಾನು ಇಷ್ಟು ದಿನ ಯಾರ ಜೊತೆ ಮಾತಾಡ್ತಿದ್ದೆ?"

"ಹುಳದ ಜೊತೆ ಅಲ್ವೇನೇ?"

ಹೊರಡುವ ದಿನ ಕಿಟಕಿಯ ಹತ್ತಿರವೂ ಅವಳು ಬಂದು ನಿಂತಿದ್ದಿರಬೇಕು. ಬಾಯಿ ಬಿಡಬಾರದೆಂಬ ನಮ್ಮ ಕಟ್ಟಳೆಯನ್ನು ಅಂದೂ ಮೀರಿರಲಿಕ್ಕಿಲ್ಲ.

ಶಮೀಮ್ ಮತ್ತೆ ಸಿಗಲಿಲ್ಲ. ಅಜ್ಜಿ ಹೋದಳು, ಆ ಮನೆ ಬೇರೆಯವರದಾಯಿತು. ಅಲ್ಲಿಂದೀಚೆಗೆ ಗಂಡ, ಮಕ್ಕಳು, ಸ್ನೇಹಿತೆಯರು ಎಂದು ಎಷ್ಟೋ ಜನರ ಎದುರು ಕೂತು ಮಾತಾಡಿದ್ದೇನೆ. ಯಾರೂ ಇಲ್ಲದ ಆ ಓಣಿಗೆ ಹೇಳಿಕೊಂಡಷ್ಟನ್ನು ಇವತ್ತಿನವರೆಗೂ ಯಾರಿಗೂ ಹೇಳಿಕೊಂಡಿಲ್ಲ.