ಹೊಳೆಗೆ ಬಿಡದ ಫ್ರಾಕು

ನಮ್ಮ ಬಚ್ಚಲ ಬಾಗಿಲಲ್ಲಿ ಒಂದು ಹಳೆಯ ಕಾಲೊರಸು ಇದೆ. ಬಟ್ಟೆಯ ಪಟ್ಟಿಗಳನ್ನು ಜಡೆ ಹೆಣೆದು, ದುಂಡಗೆ ಸುತ್ತಿ ಹೊಲಿದದ್ದು. ಮೊನ್ನೆ ಒಗೆದು ಹಿಂಡುವಾಗ ಹತ್ತಿಯ ಪಟ್ಟಿಗಳು ಕೈಗೇ ಕಿತ್ತು ಬಂದವು. ನಡುವಿನ ಗುಲಾಬಿ ನೈಲಾನ್ ಪಟ್ಟಿ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ ಮಿಂಚುತ್ತಿತ್ತು. ಅದು ನನ್ನ ಫ್ರಾಕು. ಒದ್ದೆ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ನಂಜನಗೂಡಿನ ಹೊಳೆಯ ಮೆಟ್ಟಿಲು, ಅಲ್ಲಿನ ಕಾಯಂಗಡಿಯಮ್ಮ ನೆನಪಾದರು…

ನಾನು ಚಿಕ್ಕವಳಿದ್ದಾಗ ಕಾಮಾಲೆ ಬಂದು, ಹೆಮ್ಮಿಗೆಯ ನಮ್ಮ ಮನೆಯವರೆಲ್ಲ ಕೈ ಚೆಲ್ಲಿದ್ದರಂತೆ. ಅವ್ವ ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ವಾಸಿಯಾದ ಮೇಲೆ ಕಪಿಲೆಯಲ್ಲಿ ಮೀಯಿಸಿ, ಕಾಯಿಲೆಯಲ್ಲಿ ತೊಟ್ಟಿದ್ದ ಬಟ್ಟೆಯನ್ನು ಹೊಳೆಗೆ ಬಿಡಬೇಕು. ಬಟ್ಟೆಯ ಜೊತೆ ಕಾಯಿಲೆಯೂ ಹೋಗುತ್ತದೆ ಎಂಬ ನಂಬಿಕೆ. ನನಗಿದ್ದದ್ದು ಅದೊಂದೇ ಮಿಂಚುವ ಫ್ರಾಕು. ಬಿಡಲೊಲ್ಲೆನೆಂದು ರಚ್ಚೆ ಹಿಡಿದಿದ್ದೆ.

ಅವ್ವ ಅದನ್ನು ಇನ್ನೇನು ನೀರಿಗೆ ಹಾಕಬೇಕು, ಮೆಟ್ಟಿಲ ಮೇಲೆ ತೆಂಗಿನಕಾಯಿ ಮಾರುತ್ತಿದ್ದ ಕಾಯಂಗಡಿಯಮ್ಮ ಕೂಗಿದರು.

"ಏನವ್ವ ಅದು, ನೂಲಿಂದೋ ನೈಲಾನೋ?"

"ನೈಲಾನು ಕಣಕ್ಕಾ," ಎಂದಳು ಅವ್ವ.

"ಬಿಡ್ಬ್ಯಾಡ. ನಂಜುಂಡಪ್ಪ ನಂಜು ಕುಡ್ದವ್ನೆ, ನೈಲಾನ್ ಕುಡ್ದಿಲ್ಲ. ನೂಲಾದ್ರೆ ಒಳೆ ಅರಗಿಸ್ಕತದೆ. ಇದು ಕೊಳಿಯಾಕಿಲ್ಲ."

ಅವ್ವನ ಮುಖ ಬಿಳಿಚಿತು. ಫ್ರಾಕನ್ನು ವಾಪಸು ತಂದರೆ ಕಾಯಿಲೆಯೂ ಮನೆಗೆ ಮರಳೀತೆಂಬ ಭಯ. ಹಾಗೆ ಬಿಟ್ಟ ಬಟ್ಟೆಯನ್ನು ಬೇರೆಯವರು ಮುಟ್ಟಿದರೆ ಅವರಿಗೆ ಅಂಟುತ್ತದೆಂದು ಎಲ್ಲರೂ ದೂರ ಸರಿಯುತ್ತಿದ್ದರು. ಕಾಯಂಗಡಿಯಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಫ್ರಾಕನ್ನು ಅವ್ವನ ಕೈಯಿಂದ ತೆಗೆದುಕೊಂಡೇ ಬಿಟ್ಟರು.

"ನಿನ್ ಮಗೀನ್ ಕಾಯ್ಲೆ ನಾನ್ ಇಸ್ಕೊಂಡೆ. ನೀನು ನೆಮ್ಮದಿಯಾಗಿ ಊರ್‌ಗೋಗು."

ಆಮೇಲೆ ಪ್ರತಿ ವರ್ಷ ನಂಜನಗೂಡಿಗೆ ಹೋದಾಗಲೂ ಅವ್ವ ದೇವರಿಗಿಂತ ಮೊದಲು ಕಾಯಂಗಡಿಗೆ ಓಡುತ್ತಿದ್ದಳು. ಅವರ ಕಣ್ಣು ಹಳದಿಯಾಗಿದೆಯೇ ಎಂದು ಕದ್ದು ನೋಡುತ್ತಿದ್ದಳು. ಅದು ಅವರಿಗೂ ಗೊತ್ತಿತ್ತು. ರೆಪ್ಪೆ ಎಳೆದು ತೋರಿಸಿ, "ನೋಡ್ಕಳವ್ವ, ಊರೋರ್ ಕಾಯ್ಲೆಯೆಲ್ಲಾ ಇಸ್ಕೊಂಡು ಗುಂಡ್ಕಲ್ಲಂಗಿವ್ನಿ!" ಎಂದು ನಗುತ್ತಿದ್ದರು. ಬಿಗಿದುಕೊಂಡಿದ್ದ ಅವ್ವನ ಮುಖ ಆಗ ಸಡಿಲವಾಗುತ್ತಿತ್ತು. ಇಬ್ಬರೂ ಎಲೆಯಡಿಕೆ ಹಾಕಿಕೊಂಡು ಹರಟೆಗೆ ಕೂತರೆ ದೇವರ ದರ್ಶನ ಮಧ್ಯಾಹ್ನಕ್ಕೇ… ಒಂದು ವರ್ಷ ಅವರು ಈ ಕಾಲೊರಸನ್ನು ಕೊಟ್ಟರು. ಹೊಳೆಯಿಂದ ಎಳೆದು ತೆಗೆದ ಬಟ್ಟೆಗಳಲ್ಲಿ ಹೆಣೆದದ್ದು, ನಡುವೆ ನನ್ನ ಫ್ರಾಕು. ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ನಮ್ಮ ಮನೆಗೆ ಯಾವ ಕಾಯಿಲೆಯೂ ಮರಳಲಿಲ್ಲ.

ಈಗ ನಾನು ತಿ. ನರಸೀಪುರದಲ್ಲಿ ಮೇಷ್ಟ್ರಗಿರಿ ಮಾಡುತ್ತೇನೆ. ಕಪಿಲೆ ಇಲ್ಲಿ ಕಾವೇರಿಯನ್ನು ಸೇರಿ ಸಮುದ್ರಕ್ಕೆ ಹೋಗುತ್ತಾಳೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕೊಳೆಯದೆ, ಕಣ್ಣಿಗೆ ಕಾಣದ ಎಳೆಗಳಾಗಿ ಸವೆದು, ಅಲ್ಲಿನ ಮೀನಿನ ಹೊಟ್ಟೆಯನ್ನೂ ಸೇರುತ್ತವೆ. ಆ ಎಳೆಗಳನ್ನೇ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಆದಷ್ಟೂ ನೂಲು ಉಡಿ, ಇರುವ ಬಟ್ಟೆಯನ್ನು ಹರಿಯುವ ತನಕ ಉಡಿ, ಹೊಳೆಗೆ ಮಾತ್ರ ಬಿಡಬೇಡಿ ಎಂದು ಮಕ್ಕಳ ತಲೆ ತಿನ್ನುತ್ತಿರುತ್ತೇನೆ.

ಕಳೆದ ತಿಂಗಳು ನಂಜನಗೂಡಿಗೆ ಹೋಗಿದ್ದೆ. ಕಾಯಂಗಡಿಯಮ್ಮ ತುಂಬು ವಯಸ್ಸಿನಲ್ಲಿ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವ್ವನೂ ಇಲ್ಲ. ಅವರಿಬ್ಬರೂ ಹರಟೆಗೆ ಕೂರುತ್ತಿದ್ದ ಖಾಲಿ ಮೆಟ್ಟಿಲ ಬಳಿ ಹೋಗಿ ನಿಂತೆ. ಕೆಳಗೆ ನೀರಲ್ಲಿ ಒಬ್ಬ ತಾಯಿ ತನ್ನ ಮಗುವಿನ ಪಾಲಿಯೆಸ್ಟರ್ ಅಂಗಿಯನ್ನು ಬಿಡಲು ಬಗ್ಗಿದ್ದಳು.

"ಕೊಡಮ್ಮ, ನಾನು ಇಸ್ಕೊಂಡೆ," ಎಂದುಬಿಟ್ಟೆ.

ಒದ್ದೆ ಅಂಗಿ ಕೈಗೆ ಬಂದಾಗ, ಇಷ್ಟೆಲ್ಲ ಪಾಠ ಹೇಳುವ ನಾನೂ ಅದನ್ನು ಮೈಗೆ ತಾಗದಂತೆ ದೂರ ಹಿಡಿದೆ. ಅವತ್ತು ಕಾಯಂಗಡಿಯಮ್ಮನಿಗೂ ಒಳಗೊಳಗೇ ಹೀಗೇ ಅಳುಕಿತ್ತೇನೋ… ಆ ತಾಯಿ ಹೆದರಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ರೆಪ್ಪೆ ಎಳೆದು ಕಣ್ಣು ತೋರಿಸಿ ನಕ್ಕೆ.